ಅಪಘಾತವಾದ ಹಳೆಯ ಕಾರು: ಏಟು ಎಲ್ಲಿಯವರೆಗೆ ಹೋಗಿದೆ?

ಮೋಟಾರು ವಿಮೆಯ ಸರ್ವೇಯರ್ ಆಗಿ ಹುಬ್ಬಳ್ಳಿಯಲ್ಲಿ 22 ವರ್ಷಗಳಿಂದ ಜಖಂಗೊಂಡ ವಾಹನಗಳನ್ನೇ ನೋಡುತ್ತ ಬಂದಿರುವ ನನ್ನನ್ನು, ಹಳೆಯ ಕಾರು ಕೊಳ್ಳಹೊರಟ ಪರಿಚಿತರು ಕೇಳುವ ಪ್ರಶ್ನೆ ಒಂದೇ: ‘ಈ ಗಾಡಿ ಆಕ್ಸಿಡೆಂಟ್ ಆಗಿದೆಯೇ?’ ಹೌದೆಂದರೆ ಬಿಟ್ಟುಬಿಡುತ್ತಾರೆ, ಇಲ್ಲವೆಂದರೆ ಅಂದೇ ಮುಂಗಡ ಕೊಟ್ಟುಬಿಡುತ್ತಾರೆ. ಎರಡೂ ಆತುರದ ತೀರ್ಮಾನಗಳು. ಆಟೋ ಉಜ್ಜಿತೆಂದು ಬಂಪರ್ ಬದಲಿಸಿ ಕ್ಲೇಮ್ ಪಡೆದ ಕಾರು ಕಾಗದದಲ್ಲಿ ಆಕ್ಸಿಡೆಂಟ್ ಗಾಡಿಯಾಗಿಬಿಡುತ್ತದೆ. ಡಿವೈಡರಿಗೆ ಗುದ್ದಿ ಒಳಗಿನ ಉಕ್ಕು ಬಾಗಿದ ಮೇಲೆ ಕೈಯಿಂದ ರೊಕ್ಕ ಕೊಟ್ಟು ಸದ್ದಿಲ್ಲದೆ ನೆಟ್ಟಗೆ ಮಾಡಿಸಿದ ಕಾರು ಅದೇ ಕಾಗದದಲ್ಲಿ ನಿಷ್ಕಳಂಕವಾಗಿ ಉಳಿಯುತ್ತದೆ. ಹೀಗಾಗಿ ಏಟು ಬಿದ್ದಿದೆ ಎಂದುಕೊಂಡೇ ನಾನು ಯಾವ ಗಾಡಿಯನ್ನಾದರೂ ನೋಡಲು ತೊಡಗುತ್ತೇನೆ. ತಿಳಿಯಬೇಕಾದದ್ದು ಆ ಏಟು ಒಳಗೆ ಎಲ್ಲಿಯವರೆಗೆ ಹೋಗಿ ನಿಂತಿದೆ ಎಂಬುದು.

ಇಂದಿನ ಬಹುತೇಕ ಕಾರುಗಳಿಗೆ ಲಾರಿಗಿರುವಂತೆ ಪ್ರತ್ಯೇಕ ಚಾಸಿಸ್ ಇರುವುದಿಲ್ಲ. ತಗಡುಗಳನ್ನು ಸಾವಿರಾರು ಸ್ಪಾಟ್ ವೆಲ್ಡುಗಳಿಂದ ಬೆಸೆದ ಇಡೀ ಬಾಡಿಯೇ ಅವುಗಳ ಚಾಸಿಸ್. ಇದರಲ್ಲಿ ಬಾನೆಟ್, ಮುಂದಿನ ಫೆಂಡರ್, ಬಂಪರ್, ಬಾಗಿಲು, ಡಿಕ್ಕಿಯ ಮುಚ್ಚಳ ಇವೆಲ್ಲ ಬೋಲ್ಟ್ ಬಿಚ್ಚಿ ಬದಲಿಸಬಹುದಾದ ಭಾಗಗಳು. ಇವನ್ನು ಗಾಡಿಯ ಚರ್ಮ ಎನ್ನೋಣ. ಎಂಜಿನ್ ಪಕ್ಕದಲ್ಲಿ ಮುಂದಕ್ಕೆ ಚಾಚಿರುವ, ಗ್ಯಾರೇಜಿನವರು ‘ಲೆಗ್’ ಎಂದು ಕರೆಯುವ ಎರಡು ಉದ್ದನೆಯ ಉಕ್ಕಿನ ಕೊಳವೆಗಳು, ಅವುಗಳ ಮೇಲಿನ ಏಪ್ರನ್ ಎಂಬ ಒಳತಗಡು, ಬಾಗಿಲುಗಳ ನಡುವಿನ ಪಿಲ್ಲರ್‌ಗಳು, ನೆಲ, ಹಿಂದಿನ ಕ್ವಾರ್ಟರ್ ಪ್ಯಾನೆಲ್ (ಹಿಂದಿನ ಚಕ್ರದ ಮೇಲಿನ ಪಕ್ಕದ ತಗಡು), ಮೇಲ್ಛಾವಣಿ ಇವೆಲ್ಲ ಬೆಸೆದ ಭಾಗಗಳು, ಇವು ಎಲುಬು. ಡಿಕ್ಕಿಯಾದಾಗ ಲೆಗ್ ಮಡಚಿಕೊಂಡು ಹೊಡೆತವನ್ನು ತಾನು ನುಂಗಿ, ಒಳಗೆ ಕುಳಿತವರವರೆಗೆ ಅದು ಹೋಗದಂತೆ ನೋಡಿಕೊಳ್ಳಬೇಕೆಂದು ವಿನ್ಯಾಸ ಮಾಡಿರುತ್ತಾರೆ. ಒಮ್ಮೆ ಮಡಚಿದ ಲೆಗ್ಗನ್ನು ಗ್ಯಾಸ್ ಬೆಂಕಿಯಲ್ಲಿ ಕಾಯಿಸಿ ಎಳೆದು ನೆಟ್ಟಗೆ ಮಾಡಿದರೆ ಅದರ ಅಧಿಕ ಬಲದ ಉಕ್ಕು ತನ್ನ ಗುಣ ಕಳೆದುಕೊಳ್ಳುತ್ತದೆ, ಮುಂದಿನ ಬಾರಿ ಅದು ಎಲ್ಲಿ ಮಡಚೀತು, ಎಷ್ಟು ಮಡಚೀತು ಎಂಬುದಕ್ಕೆ ಯಾವ ಭರವಸೆಯೂ ಉಳಿಯುವುದಿಲ್ಲ. ದುರಸ್ತಿ ಬಿಲ್ಲಿನ ಮೊತ್ತವನ್ನು ನೋಡಿ ಹೆದರುವುದಾಗಲಿ, ಸಮಾಧಾನ ಪಡುವುದಾಗಲಿ ಸರಿಯಲ್ಲ ಎನ್ನಲು ಇದೇ ಕಾರಣ. ಎರಡು ಎಲ್‌ಇಡಿ ಹೆಡ್‌ಲ್ಯಾಂಪುಗಳ ಬೆಲೆ, ಒಂದು ಲೆಗ್ಗನ್ನು ಹೊಡೆದು ನೆಟ್ಟಗೆ ಮಾಡಿದ ಟಿಂಕರಿಂಗ್ ಕೂಲಿಗಿಂತ ಹಲವು ಪಟ್ಟು ಹೆಚ್ಚಿರಬಹುದು.

ದೀಪಾವಳಿಗೆ ಮುಂಚೆ ಗದಗಿನ ಶಿಕ್ಷಕ ದಂಪತಿಗಳು 2019ರಲ್ಲಿ ನೋಂದಣಿಯಾದ ಒಂದು ಬಿಳಿ ಸೆಡಾನ್ ತಂದು ನನ್ನ ಅಂಗಳದಲ್ಲಿ ನಿಲ್ಲಿಸಿದರು. ಕೇಳಿದ ಬೆಲೆ 5.40 ಲಕ್ಷ. ಹಿಂದಿನ ಬಂಪರಿಗೆ ಸಣ್ಣ ಟಚ್‌ಅಪ್ ಆಗಿದೆ, ಅಷ್ಟೇ ಎಂದು ಮಾರುವವರು ಹೇಳಿದ್ದರು. ಹೊರಗಿನಿಂದ ಬಣ್ಣ ಕನ್ನಡಿಯಂತಿತ್ತು. ಬಣ್ಣದ ದಪ್ಪ ಅಳೆಯುವ ಮೀಟರನ್ನು ಛಾವಣಿಯ ಮೇಲಿಟ್ಟಾಗ 110 ಮೈಕ್ರಾನ್ ತೋರಿಸಿತು. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 80ರಿಂದ 150ರೊಳಗೆ ಇರುತ್ತದೆ. ಬಲಗಡೆಯ ಹಿಂದಿನ ಕ್ವಾರ್ಟರ್ ಪ್ಯಾನೆಲ್ಲಿನಲ್ಲಿ ಅದೇ ಮೀಟರ್ 640ಕ್ಕೆ ಏರಿತು. ಮತ್ತೊಮ್ಮೆ ಬಣ್ಣ ಹೊಡೆದಿದ್ದರಷ್ಟೇ 200, 300 ಬರುತ್ತಿತ್ತು. 640 ಎಂದರೆ ಕೆಳಗೆ ತಗ್ಗು ಮುಚ್ಚುವ ಪುಟ್ಟಿ ತುಂಬಿದ್ದಾರೆ ಎಂದರ್ಥ. ಡಿಕ್ಕಿಯ ಮ್ಯಾಟ್ ಎತ್ತಿ, ಸ್ಟೆಪ್ನಿ ಹೊರತೆಗೆದು, ಮೇಡಂ ಅವರಿಗೆ ಎಡಗಡೆಯ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಲು ಹೇಳಿದೆ. ಮೆಣಸಿನಕಾಳು ಒತ್ತಿ ತೆಗೆದಂತಹ ಗುಳಿಗಳು ಒಂದೇ ಅಂತರದಲ್ಲಿ ಸಾಲಾಗಿ ಸಿಕ್ಕವು. ಅವು ಕಾರ್ಖಾನೆಯ ಸ್ಪಾಟ್ ವೆಲ್ಡುಗಳು. ಬಲಗಡೆಯ ಅಂಚಿನಲ್ಲಿ ಗುಳಿ ಒಂದೂ ಇರಲಿಲ್ಲ. ಉಜ್ಜಿ ನುಣುಪು ಮಾಡಿದ ಕೈವೆಲ್ಡಿನ ದಿಣ್ಣೆ, ಅದರ ಮೇಲೆ ಬೆರಳಿನಿಂದ ಸವರಿದ ಗುರುತು ಉಳಿದಿದ್ದ ಸೀಲರ್ (ಬೆಸುಗೆಯ ಸಂದು ಮುಚ್ಚುವ ಲೇಪ). ಸ್ಟೆಪ್ನಿ ಕೂರುವ ಗುಂಡಿಯ ತಳದಲ್ಲಿ ತಗಡು ಅಲೆಯಲೆಯಾಗಿತ್ತು. ಹಿಂದಿನ ಗಾಜಿನ ಮೂಲೆಯ ಗುರುತು 2022ರದು, ಉಳಿದ ಗಾಜುಗಳೆಲ್ಲ 2019ರವು. ಬಂಪರಿನ ಟಚ್‌ಅಪ್ ಎಂದದ್ದು ಹಿಂದಿನ ಎಲುಬಿನವರೆಗೆ ಹೋಗಿದ್ದ ಏಟು.

ಇದಕ್ಕೆ ದುಬಾರಿ ಮೀಟರ್ ಇರಲೇಬೇಕೆಂದಿಲ್ಲ. ತೆಳುವಾದ ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ, ಪುಟ್ಟಿ ತುಂಬಿದ ಕಡೆ ಸಡಿಲವಾಗಿ ಹಿಡಿಯುತ್ತದೆ ಅಥವಾ ಜಾರುತ್ತದೆ. ಬಂಪರ್ ಪ್ಲಾಸ್ಟಿಕ್ ಆದ್ದರಿಂದ ಅಲ್ಲಿ ಈ ಪರೀಕ್ಷೆ ಸಲ್ಲದು. ಬಾನೆಟ್ಟಿನ ಕೀಲು ಮತ್ತು ಫೆಂಡರಿನ ಬೋಲ್ಟ್ ತಲೆಗಳ ಮೇಲೆ ಬಣ್ಣ ಚಕ್ಕೆ ಎದ್ದಿದ್ದರೆ ಸ್ಪ್ಯಾನರ್ ಬಿದ್ದಿದೆ ಎಂದು ತಿಳಿಯಬೇಕು. ಅಷ್ಟಕ್ಕೇ ಗಾಡಿಯನ್ನು ತಿರಸ್ಕರಿಸಬಾರದು. ಅಲ್ಲಿಂದ ಒಳಕ್ಕೆ, ರೇಡಿಯೇಟರಿನ ಹಿಂದೆ ಲೆಗ್ಗಿನ ತುದಿಯವರೆಗೆ ಟಾರ್ಚ್ ಹಿಡಿದು ಎಡ ಬಲಗಳನ್ನು ಹೋಲಿಸಬೇಕು. ಕಾರ್ಖಾನೆಯಿಂದ ಬಂದ ಗಾಡಿಯಲ್ಲಿ ಎರಡೂ ಬದಿ ಒಂದಕ್ಕೊಂದು ಕನ್ನಡಿಯ ಬಿಂಬದಂತಿರುತ್ತವೆ.

ಕಾಗದಗಳಲ್ಲಿ ನಾನು ಮೊದಲು ಕೇಳುವುದು ಆರ್‌ಸಿಯನ್ನಲ್ಲ, ಹಿಂದಿನ ಮೂರ್ನಾಲ್ಕು ವರ್ಷಗಳ ವಿಮಾ ಪಾಲಿಸಿಗಳನ್ನು. ಎಂಪರಿವಾಹನ್ ಆ್ಯಪಿನಲ್ಲಿ ಎಷ್ಟನೇ ಮಾಲೀಕ, ಸಾಲ ಇದೆಯೇ, ವಿಮೆ ಎಲ್ಲಿಯವರೆಗಿದೆ ಎಂಬುದು ಸಿಗುತ್ತದೆ. ಅಪಘಾತದ ಇತಿಹಾಸ ಸಿಗುವುದಿಲ್ಲ. ಪಾಲಿಸಿಯಲ್ಲಿ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಎಂಬ ಸಾಲು ಇರುತ್ತದೆ. ಕ್ಲೇಮ್ ಇಲ್ಲದ ಪ್ರತಿ ವರ್ಷಕ್ಕೆ ಅದು ಶೇ. 20, 25, 35, 45, 50 ಎಂದು ಏರುತ್ತ ಹೋಗಿ, ಒಂದು ಕ್ಲೇಮ್ ಆದರೆ ಮುಂದಿನ ನವೀಕರಣದಲ್ಲಿ ಸೊನ್ನೆಗೆ ಇಳಿಯುತ್ತದೆ. ಐದು ವರ್ಷ ಒಬ್ಬರ ಕೈಯಲ್ಲೇ ಇದ್ದ ಕಾರಿನ ಪಾಲಿಸಿಯಲ್ಲಿ ಬೋನಸ್ ಶೇ. 20 ಮಾತ್ರ ಇದ್ದರೆ, ಏಕೆ ಎಂದು ಕೇಳುವ ಹಕ್ಕು ನಿಮಗಿದೆ. ಪಾಲಿಸಿ 90 ದಿನಕ್ಕಿಂತ ಹೆಚ್ಚು ಕಾಲ ತಪ್ಪಿದ್ದರೂ ಬೋನಸ್ ಹೋಗುತ್ತದೆ, ಬೋನಸ್ ರಕ್ಷಣೆಯ ಹೆಚ್ಚುವರಿ ಕವಚ ಪಡೆದಿದ್ದರೆ ಕ್ಲೇಮ್ ಆದರೂ ಅದು ಇಳಿಯದೆ ಇರಬಹುದು. ಆದ್ದರಿಂದ ಇದು ಸುಳಿವೇ ಹೊರತು ಸಾಕ್ಷ್ಯವಲ್ಲ. ಸರ್ವಿಸ್ ದಾಖಲೆಯನ್ನು ಜೊತೆಗಿಟ್ಟು ಓದಿದಾಗ ಸುಳಿವು ಗಟ್ಟಿಯಾಗುತ್ತದೆ. ಆ ಬಿಳಿ ಕಾರಿನ ದಾಖಲೆಯಲ್ಲಿ ಜೂನ್‌ನಲ್ಲಿ 41,200 ಕಿಲೋಮೀಟರ್, ನವೆಂಬರ್‌ನಲ್ಲಿ 41,260. ಐದು ತಿಂಗಳು ಗಾಡಿ ಎಲ್ಲಿ ನಿಂತಿತ್ತು ಎಂಬ ಪ್ರಶ್ನೆಗೆ ಮಾರುವವರು ಉತ್ತರ ಕೊಡಲಿಲ್ಲ.

ದುರಸ್ತಿಯ ವೆಚ್ಚ ಐಡಿವಿಯ (ಪಾಲಿಸಿಯಲ್ಲಿ ಗಾಡಿಗೆ ನಿಗದಿಪಡಿಸಿದ ಮೌಲ್ಯ) ಶೇ. 75ನ್ನು ಮೀರಿದರೆ ಅಂತಹ ಗಾಡಿಯನ್ನು ವಿಮಾ ಕಂಪನಿ ಟೋಟಲ್ ಲಾಸ್, ಅಂದರೆ ಪೂರ್ಣ ನಷ್ಟ ಎಂದು ಇತ್ಯರ್ಥಗೊಳಿಸುತ್ತದೆ. ಜಖಂಗೊಂಡ ಆ ಗಾಡಿಯನ್ನು ಸ್ಯಾಲ್ವೇಜ್ (ಜಖಂ ಗಾಡಿಗಳ) ವ್ಯಾಪಾರಿಗಳು ಕೊಳ್ಳುತ್ತಾರೆ. ನ್ಯಾಯವಾಗಿ ಅದು ಬಿಡಿಭಾಗಗಳಾಗಬೇಕು. ಆದರೆ ಆರ್‌ಸಿ ರದ್ದಾಗದೆ ಉಳಿದರೆ ಗುಜರಿಯ ಭಾಗಗಳನ್ನು ಜೋಡಿಸಿ ಮತ್ತೆ ರಸ್ತೆಗೆ ತರುವವರಿದ್ದಾರೆ. ಪಾಲಿಸಿಯಲ್ಲಿ ತಿಂಗಳುಗಟ್ಟಲೆ ಬಿಡುವು, ಅದೇ ಸಮಯಕ್ಕೆ ಮಾಲೀಕರ ಬದಲಾವಣೆ, ಜೊತೆಗೆ ಬೇರೆ ರಾಜ್ಯದಿಂದ ಬಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಈ ಮೂರೂ ಒಟ್ಟಿಗೆ ಕಂಡರೆ ನಾನು ಮುಂದೆ ನೋಡುವುದೇ ಇಲ್ಲ.

ನನ್ನನ್ನು ಹೆಚ್ಚು ಕಳವಳಗೊಳಿಸುವುದು ಏರ್‌ಬ್ಯಾಗ್. ಬಿಚ್ಚಿಕೊಂಡ ಏರ್‌ಬ್ಯಾಗುಗಳನ್ನೂ ಸೀಟ್ ಬೆಲ್ಟುಗಳನ್ನೂ ಹೊಸದಾಗಿ ಹಾಕುವುದು ದುಬಾರಿಯಾದ್ದರಿಂದ, ಕೆಲವು ಕಡೆ ಖಾಲಿ ಮುಚ್ಚಳ ಕೂರಿಸಿ ಡ್ಯಾಶ್‌ಬೋರ್ಡಿನ ಎಚ್ಚರಿಕೆ ದೀಪವನ್ನು ಕತ್ತರಿಸುತ್ತಾರೆ ಅಥವಾ ಬೇರೊಂದು ದೀಪದ ತಂತಿಗೆ ಸೇರಿಸುತ್ತಾರೆ. ಕೀ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಕೆಲವು ಸೆಕೆಂಡು ಉರಿದು ಆರಬೇಕು. ಉರಿಯದೆ ಇರುವುದು ಆರದೆ ಇರುವುದಕ್ಕಿಂತ ಕೆಟ್ಟದ್ದು. ಎಂಜಿನ್ ಶುರುವಾದೊಡನೆ ಆಯಿಲ್ ದೀಪದೊಂದಿಗೆ ಅದೇ ಗಳಿಗೆಯಲ್ಲಿ ಆರಿದರೆ ಅನುಮಾನಿಸಿ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದರೆ ತುದಿಯಲ್ಲಿ ತಯಾರಿಕೆಯ ದಿನಾಂಕದ ಚೀಟಿ ಸಿಗುತ್ತದೆ. ಅದು ಗಾಡಿಗಿಂತ ಹೊಸದಾಗಿದ್ದರೆ ಬೆಲ್ಟ್ ಏಕೆ ಬದಲಾಯಿತೆಂದು ಕೇಳಬೇಕು. ಏರ್‌ಬ್ಯಾಗ್ ಘಟಕವನ್ನು ಓದಬಲ್ಲ ಸ್ಕ್ಯಾನರ್ ಹಾಕಿಸುವ ಖರ್ಚು, ಕುಟುಂಬ ಕುಳಿತು ಹೋಗುವ ಗಾಡಿಯ ಮಟ್ಟಿಗೆ ಖರ್ಚೇ ಅಲ್ಲ.

ವೃತ್ತಿಯ ಆರಂಭದಲ್ಲಿ ನಾನೂ ಎಡವಿದ್ದೇನೆ. ಚಿಕ್ಕಪ್ಪನ ಮಗ ಕೊಳ್ಳಲಿದ್ದ ಕಾರಿನ ಲೆಗ್, ಪಿಲ್ಲರ್ ಎಲ್ಲ ನೋಡಿ, ತೆಗೆದುಕೋ ಎಂದಿದ್ದೆ. ಚಕ್ರಗಳ ಅಲೈನ್‌ಮೆಂಟ್ ಮಾಡಿಸಿ ನೋಡಲಿಲ್ಲ. ಎರಡು ತಿಂಗಳಲ್ಲಿ ಮುಂದಿನ ಎಡ ಟೈರಿನ ಒಳಅಂಚು ತಂತಿ ಕಾಣುವಷ್ಟು ಸವೆದಿತ್ತು. ಚಕ್ರಕ್ಕೆ ಬಿದ್ದಿದ್ದ ಏಟು ಸಸ್ಪೆನ್ಷನ್ ಹಿಡಿದಿರುವ ಸಬ್‌ಫ್ರೇಮನ್ನು ಬಗ್ಗಿಸಿತ್ತು, ಬಾಡಿಯ ಮೇಲೆ ಅದರ ಗುರುತೇ ಇರಲಿಲ್ಲ. ನನ್ನ ಮಾತು ನಂಬಿದ ಅವನಿಗೆ ಆದ ನಷ್ಟ ಇಂದಿಗೂ ನನ್ನನ್ನು ಕಾಡುತ್ತದೆ. ಅಂದಿನಿಂದ ಅಲೈನ್‌ಮೆಂಟ್ ಯಂತ್ರದ ಮುದ್ರಿತ ಹಾಳೆ ಇಲ್ಲದೆ ನಾನು ಅಭಿಪ್ರಾಯ ಕೊಡುವುದಿಲ್ಲ. ಅನೇಕ ಸಣ್ಣ ಕಾರುಗಳಲ್ಲಿ ಕ್ಯಾಂಬರ್ (ಚಕ್ರ ಒಳಗೆ ಹೊರಗೆ ವಾಲಿರುವ ಕೋನ) ಸರಿಪಡಿಸುವ ವ್ಯವಸ್ಥೆಯೇ ಇರುವುದಿಲ್ಲ; ಎಡ ಬಲಗಳ ನಡುವೆ ಅದು ಒಂದು ಡಿಗ್ರಿಯಷ್ಟು ವ್ಯತ್ಯಾಸವಾದರೆ ಏನೋ ಬಾಗಿದೆ. ಓಡಿಸಿ ನೋಡುವಾಗ ಗಾಡಿ ತುಸು ಎಡಕ್ಕೆ ವಾಲುವುದು ನಮ್ಮ ರಸ್ತೆಗಳ ಇಳಿಜಾರಿನಿಂದಲೂ ಆಗಬಹುದು, ಬಲಕ್ಕೆ ಎಳೆದರೆ ಆ ಸಮಾಧಾನವಿಲ್ಲ.

ಅಪಘಾತವಾದ ಕಾರನ್ನೂ ಕೊಳ್ಳಿ ಎಂದು ನಾನು ಹೇಳಿದ್ದುಂಟು. ಧಾರವಾಡದ ಒಬ್ಬ ನಿವೃತ್ತರು ನೋಡಿದ ಕಾರಿಗೆ ಹಸು ಅಡ್ಡ ಬಂದು ಬಾನೆಟ್, ಬಂಪರ್, ಎಡ ಫೆಂಡರ್, ಕಂಡೆನ್ಸರ್, ರೇಡಿಯೇಟರ್ ಎಲ್ಲ ಹೋಗಿದ್ದವು, 1.30 ಲಕ್ಷದ ಬಿಲ್ಲು. ಆದರೆ ಮಾರುವವರು ಜಖಂ ಆದ ದಿನದ ಫೋಟೋ, ಬದಲಿಸಿದ ಭಾಗಗಳ ಪಟ್ಟಿ, ಕ್ಲೇಮ್ ಕಾಗದ ಎಲ್ಲವನ್ನೂ ತಾವಾಗಿಯೇ ಮುಂದಿಟ್ಟರು. ಲೆಗ್ಗಿನ ತುದಿಯ ಕಾರ್ಖಾನೆಯ ಸೀಲರ್ ಹಾಗೆಯೇ ಇತ್ತು, ಏರ್‌ಬ್ಯಾಗ್ ಬಿಚ್ಚಿರಲಿಲ್ಲ. ಮಾರುಕಟ್ಟೆ ಬೆಲೆಗಿಂತ ಶೇ. 12ರಷ್ಟು ಕಡಿಮೆಗೆ ಅದನ್ನು ಕೊಡಿಸಿದೆ. ನನ್ನ ಅಂದಾಜಿನಲ್ಲಿ ಬರೀ ಹೊರಚರ್ಮದ ದುರಸ್ತಿಗೆ ಶೇ. 5ರಿಂದ 10, ಹೀಗೆ ರೇಡಿಯೇಟರಿನವರೆಗೆ ಹೋದ ಏಟಿಗೆ ಶೇ. 10ರಿಂದ 20 ಇಳಿಸಿ ಕೇಳುವುದು ನ್ಯಾಯ, ಏಕೆಂದರೆ ನಾಳೆ ನೀವು ಮಾರುವಾಗಲೂ ಕೊಳ್ಳುವವರು ಇಷ್ಟನ್ನು ಕೇಳುತ್ತಾರೆ. ಎಲುಬಿಗೆ ತಗುಲಿದ ಗಾಡಿಗೆ ನಾನು ಬೆಲೆಯನ್ನೇ ಹೇಳುವುದಿಲ್ಲ. ಬಾಡಿಯ ಅಳತೆ ಸರಿಪಡಿಸುವ ಜಿಗ್ ಮೇಲೆ ಕೂರಿಸಿ, ಕಂಪನಿಯ ಭಾಗ ಹಾಕಿ ಸರಿಯಾಗಿ ದುರಸ್ತಿ ಮಾಡಿದವು ಇಲ್ಲವೆಂದಲ್ಲ. ಹಾಗೆ ಮಾಡಿದ್ದಾರೆಂಬ ಕಾಗದ ತೋರಿಸುವವರು ಸಿಗುವುದು ಬಹಳ ಅಪರೂಪ.

ಕೊನೆಯದಾಗಿ ಕಾನೂನಿನ ಒಂದು ಮಾತು. 1872ರ ಭಾರತೀಯ ಕರಾರು ಕಾಯ್ದೆಯ 17ನೇ ಕಲಮಿನ ವಿವರಣೆಯಂತೆ, ಹೇಳಬೇಕಾದ ಕರ್ತವ್ಯ ಇಲ್ಲದಿರುವಾಗ ಮಾರುವವರು ಸುಮ್ಮನಿದ್ದ ಮಾತ್ರಕ್ಕೆ ಅದು ವಂಚನೆಯಾಗುವುದಿಲ್ಲ. ಆದರೆ ಕೇಳಿದ ಪ್ರಶ್ನೆಗೆ ತಿಳಿದೂ ಸುಳ್ಳು ಹೇಳಿದರೆ ಮಾತೇ ಬೇರೆ. ಆದ್ದರಿಂದ ಮುಂಗಡ ಕೊಡುವ ಮೊದಲು ವಾಟ್ಸ್ಆ್ಯಪಿನಲ್ಲಿ ನೇರವಾಗಿ ಬರೆದು ಕೇಳಿ: ಲೆಗ್, ಪಿಲ್ಲರ್, ನೆಲ, ಕ್ವಾರ್ಟರ್ ಪ್ಯಾನೆಲ್ಲುಗಳಲ್ಲಿ ವೆಲ್ಡಿಂಗ್ ಆಗಿದೆಯೇ, ಏರ್‌ಬ್ಯಾಗ್ ಎಂದಾದರೂ ಬಿಚ್ಚಿದೆಯೇ, ಟೋಟಲ್ ಲಾಸ್ ಆಗಿತ್ತೇ. ಗದಗಿನ ದಂಪತಿಗಳು ನನ್ನ ಎದುರಿನಲ್ಲೇ ಈ ಮೂರು ಪ್ರಶ್ನೆಗಳನ್ನು ಕಳಿಸಿದರು. ನೀಲಿ ಗೆರೆ ಬಿತ್ತು, ಉತ್ತರ ಬರಲಿಲ್ಲ. ಸಂಜೆಯಾಗುವ ಮುನ್ನ ಅವರು ಕೀಲಿಯನ್ನು ಹಿಂತಿರುಗಿಸಿ, ಬಸ್ಸಿನಲ್ಲಿ ಊರಿಗೆ ಹೋದರು.