ಮಜ್ಜಿಗೆ ಹುಲ್ಲಿನ ಎಣ್ಣೆಗೆ ಮೊದಲ ಭಟ್ಟಿ: ತಣ್ಣೀರಿನ ಲೆಕ್ಕದ ನೋಟ್ಸ್

ಭಟ್ಟಿ ಅಂದ ಕೂಡ್ಲೇ ಎಲ್ರಿಗೂ ಸಾರಾಯಿ ನೆನಪಾಗತ್ತೆ. ಅದನ್ನ ಮನೇಲಿ ಇಳಿಸೋದು ಅಪರಾಧ, 1965ರ ಅಬಕಾರಿ ಕಾಯ್ದೆ ಇದೆ, ಆ ಕಡೆ ಹೋಗೋದೇ ಬೇಡ. ನಾನು ಕಟ್ಟಿದ್ದು ಹಿತ್ತಲಲ್ಲಿ ಸೊಂಪಾಗಿ ಬೆಳೆದ ಮಜ್ಜಿಗೆ ಹುಲ್ಲಿಂದ ಎಣ್ಣೆ ತೆಗೆಯೋಕೆ, ಮಲೆನಾಡಲ್ಲಿ ಕಷಾಯಕ್ಕೆ ಹಾಕ್ತೀವಲ್ಲ, ಅದೇ ಹುಲ್ಲು, ಲೆಮನ್‌ಗ್ರಾಸ್.

ಪಾತ್ರೆ ವಿಷಯ ಸುಲಭ. 5 ಲೀಟರ್ ಸ್ಟೀಲ್ ಕುಕ್ಕರ್, ತಳದಲ್ಲಿ 1 ಲೀಟರ್ ನೀರು, ನೀರಿಗೆ ತಾಗದ ಹಾಗೆ ಒಂದು ಜಾಲಿ ತಟ್ಟೆ, ಅದರ ಮೇಲೆ ಒಂದು ದಿನ ನೆರಳಲ್ಲಿ ಬಾಡಿಸಿ ಕತ್ತರಿಸಿದ ಹುಲ್ಲು. ವಿಸಲ್ ತೆಗೆದು ಆ ಮೂತಿಗೆ ಗಿಡ್ಡ ಸಿಲಿಕಾನ್ ಪೈಪ್, ಅಲ್ಲಿಂದ ತಾಮ್ರದ ಪೈಪ್. ಸೇಫ್ಟಿ ವಾಲ್ವ್ ಮುಟ್ಟಬೇಡಿ. ಹುಲ್ಲನ್ನ ಮುಚ್ಚಳದವರೆಗೂ ತುರುಕಬೇಡಿ, ಚೂರು ಹೋಗಿ ಮೂತಿಗೆ ಸಿಕ್ಕಿಕೊಂಡ್ರೆ ಒಳಗೆ ಪ್ರೆಶರ್ ಏರತ್ತೆ, ಅದು ನಿಜಕ್ಕೂ ಅಪಾಯ.

ಹಬೆ ತಣಿದು ನೀರಾಗೋಕೆ ಈ ತಾಮ್ರದ ಪೈಪನ್ನ ಸುರುಳಿ ಸುತ್ತಿ ತಣ್ಣೀರಲ್ಲಿ ಮುಳುಗಿಸಬೇಕು. ಸುತ್ತುವಾಗ ಒಳಗೆ ಒಣ ಮರಳು ಗಟ್ಟಿಯಾಗಿ ತುಂಬಿ ಎರಡೂ ತುದಿ ಮುಚ್ಚಿ ಸುತ್ತಿ, ಇಲ್ಲಾಂದ್ರೆ ಪೈಪ್ ಅಪ್ಪಚ್ಚಿಯಾಗತ್ತೆ. ಆಮೇಲೆ ಮರಳೆಲ್ಲ ಉದುರಿಸಿ ಚೆನ್ನಾಗಿ ತೊಳೀಬೇಕು. ಸುರುಳಿ ಎಲ್ಲೂ ಮೇಲಕ್ಕೆ ಏಳಬಾರದು, ಒಂದೇ ಸಮ ಇಳೀತಾ ಹೋಗ್ಬೇಕು.

ಈ ಹುಲ್ಲಿನ ವಾಸನೆ ಬರೋದು ಅದರ ಎಣ್ಣೇಲಿರೋ ಸಿಟ್ರಾಲ್ ಅನ್ನೋ ಅಂಶದಿಂದ, ಅದು ಕುದಿಯೋದು ಸುಮಾರು 229 ಡಿಗ್ರೀಲಿ. ಮತ್ತೆ 100 ಡಿಗ್ರಿ ಹಬೇಲಿ ಹೇಗೆ ಬರತ್ತೆ? ನೀರು ಎಣ್ಣೆ ಬೆರೆಯಲ್ಲ, ಹಾಗಾಗಿ ಎರಡೂ ತಂತಮ್ಮ ಆವಿ ಒತ್ತಡ ಬೇರೆ ಬೇರೆಯಾಗೇ ಕೊಡ್ತವೆ, ಎರಡೂ ಕೂಡಿ ಹೊರಗಿನ ಗಾಳಿಯ ಒತ್ತಡಕ್ಕೆ ಸಮ ಆದ್ರೆ ಸಾಕು, ಕುದಿ ಬಂದುಬಿಡತ್ತೆ. ಅದಕ್ಕೇ 100ಕ್ಕಿಂತ ತುಸು ಕಮ್ಮೀಲೇ ಎಣ್ಣೆ ಹಬೆ ಜೊತೆ ಎದ್ದು ಬರತ್ತೆ.

ಈಗ ನಾನು ಎಡವಿದ ಜಾಗ, ತಣ್ಣೀರು. ಮೊದಲ ಸಲ ಸುರುಳಿಯನ್ನ 18 ಲೀಟರ್ ಬಕೆಟ್ಟಲ್ಲಿ ಮುಳುಗಿಸಿದ್ದೆ, ಇಷ್ಟು ನೀರು ಧಾರಾಳ ಅಂದ್ಕೊಂಡು. ಅರ್ಧ ಗಂಟೇಲಿ ಪೈಪಿನ ಬಾಯಿಂದ ಹನಿ ಜೊತೆ ಬಿಳಿ ಹಬೆ ಬಂತು, ಅಡುಗೆಮನೆ ತುಂಬಾ ಘಮ್ ಅಂತ ವಾಸನೆ, ಅಂದ್ರೆ ಬಾಟಲಿಗೆ ಬೀಳಬೇಕಾದ ಎಣ್ಣೆ ಗಾಳಿಗೆ ಹೋಗ್ತಾ ಇದೆ.

ಲೆಕ್ಕ ಹಾಕಿದಾಗ ಗೊತ್ತಾಯ್ತು. 1 ಲೀಟರ್ ನೀರನ್ನ 1 ಡಿಗ್ರಿ ಏರಿಸೋಕೆ ಬೇಕಾಗೋದು 4.18 ಕಿಲೋಜೂಲ್. ಅದೇ 1 ಲೀಟರ್ ನೀರಿನಿಂದ ಎದ್ದ ಹಬೆ ಮತ್ತೆ ನೀರಾಗುವಾಗ ಬಿಟ್ಟುಕೊಡೋದು ಸುಮಾರು 2260. ನಾನು ಈ ಗುಪ್ತೋಷ್ಣವನ್ನ ಮರೆತು ಬರೀ 100ರಿಂದ 40ಕ್ಕೆ ತಣಿಸೋ 250 ಮಾತ್ರ ಎಣಿಸಿದ್ದೆ. ಎರಡೂ ಸೇರಿ 2510. ಅದನ್ನ 18 ಲೀಟರ್ ಮೇಲೆ ಹಂಚಿದ್ರೆ 33 ಡಿಗ್ರಿ ಏರಿಕೆ, 27ರ ನೀರು 60! ನನ್ನ ಇಂಡಕ್ಷನ್ ಒಲೆ 800 ವಾಟ್‌ಗೆ ಇಟ್ರೆ ಗಂಟೆಗೆ ಹತ್ತಿರ ಹತ್ತಿರ 1 ಲೀಟರ್ ನೀರು ಹಬೆಯಾಗಿ ಏಳತ್ತೆ, ಆಯ್ತಲ್ಲ, ಕಾರಣ ಸಿಕ್ತು.

ಆದ್ರೆ ಅರ್ಧ ಗಂಟೆಗೆ 43ರ ಸುತ್ತ ಇರಬೇಕಿತ್ತು, ಅಷ್ಟಕ್ಕೇ ಹಬೆ ಯಾಕೆ ಬಂತು? ಬಕೆಟ್ಟಿಗೆ ಕೈ ಹಾಕಿ ನೋಡಿದ್ರೆ ಎಲ್ಲಾ ಕಡೆ ಒಂದೇ ಬಿಸಿ. ತಪ್ಪು ನನ್ನದೇ, ನೀರು ಬಿಸಿ ಆಗ್ತಿದೆ ಅಂತ ಮಗ್ಗಲ್ಲಿ ಮೇಲಿಂದ ನೀರು ಸುರೀತಾ ಇದ್ದೆ. ಬಿಸಿ ನೀರು ತಾನಾಗೇ ಮೇಲೆ ನಿಲ್ಲತ್ತೆ, ತಣ್ಣಗಿರೋದು ತಳದಲ್ಲಿ, ಸುರುಳಿಯ ಕೊನೇ ಸುತ್ತು ಇರೋದೂ ತಳದಲ್ಲೇ. ನಾನು ಸುರಿದು ಸುರಿದು ಆ ಪದರಗಳನ್ನ ಕಲಸಿ, ಕೊನೇ ಸುತ್ತಿನ ತಂಪನ್ನೇ ಹಾಳು ಮಾಡಿದ್ದೆ.

ಎರಡನೇ ಸಲ ನೀರಿನ ಟ್ಯೂಬನ್ನ ತಳಕ್ಕೆ ಇಳಿಬಿಟ್ಟೆ, ಬಕೆಟ್ ಅಂಚಿನ ಹತ್ರ ಒಂದು ತೂತು ಕೊರೆದು ಬಿಸಿ ನೀರು ಹೊರಗೆ ಹರಿಯೋ ಹಾಗೆ ಮಾಡಿದೆ. ಹಬೆ ಮೇಲಿಂದ ಕೆಳಗೆ, ನೀರು ಕೆಳಗಿಂದ ಮೇಲೆ. ಹೀಗಾದ್ರೆ ಮೇಲಿನ ನೀರು 62ಕ್ಕೆ ಹೋದ್ರೂ ತೊಂದರೆ ಇಲ್ಲ, ಪ್ರತಿ ಲೀಟರೂ 35 ಡಿಗ್ರಿ ಹೊತ್ಕೊಂಡು ಹೋಗತ್ತೆ, ಗಂಟೆಗೆ ಸುಮಾರು 17 ಲೀಟರ್ ಸಾಕು. ನೀರೆಲ್ಲ ಕಲಸಿ ಪೂರ್ತಿ ಬಕೆಟ್ಟನ್ನ 47ರೊಳಗೆ ಇಡ್ತೀನಿ ಅಂದ್ರೆ 30 ಲೀಟರ್ ಬೇಕು. ಇದೊಂದು ಅರ್ಥ ಆದ ದಿನ ನಂಗೆ ತುಂಬಾ ಖುಷಿ ಆಯ್ತು.

ಹಿಡಿಯೋಕೆ ಉದ್ದ ಕತ್ತಿನ ಗಾಜಿನ ಬಾಟಲಿ ತಗೊಳ್ಳಿ. ಎಣ್ಣೆ ನೀರಿಗಿಂತ ಹಗುರ, ಮೇಲೆ ತೇಲತ್ತೆ, ಅಗಲ ಪಾತ್ರೇಲಾದ್ರೆ ಕಣ್ಣಿಗೂ ಕಾಣದಷ್ಟು ತೆಳ್ಳಗೆ ಹರಡಿಬಿಡತ್ತೆ. ಎರಡನೇ ಸಲ 700 ಗ್ರಾಂ ಹುಲ್ಲಿಗೆ ಸೂಜಿ ಇಲ್ಲದ ಸಿರಿಂಜಲ್ಲಿ ಎಳೆದಾಗ ಸಿಕ್ಕಿದ್ದು 2 ಮಿಲೀಗೆ ಸ್ವಲ್ಪ ಕಮ್ಮಿ, ತಿಳಿ ಹಳದಿ. ಅದನ್ನ ಕಂದು ಬಾಟಲೀಲಿ ಹಾಕಿ ಕತ್ತಲೇಲಿ ಇಟ್ಟಿದ್ದೀನಿ, ನೇರವಾಗಿ ಮೈಗೆ ಹಚ್ಚಬೇಡಿ, ಉರಿಯತ್ತೆ. ಕೆಳಗೆ ಉಳಿದ ಮಸುಕು ನೀರಲ್ಲೂ ವಾಸನೆ ಚೆನ್ನಾಗಿರತ್ತೆ, ನಮ್ಮಮ್ಮ ಅದನ್ನ ನೆಲ ಒರೆಸೋಕೆ ಇಟ್ಕೊಂಡ್ರು.