ಹರ್ನಿಯಾ ಶಸ್ತ್ರಚಿಕಿತ್ಸೆ: ಬಲೆ ಅಗ್ಗವಾಯಿತು, ಕಲಿಕೆ ಹಿಂದುಳಿಯಿತು

ಎಪಿಎಂಸಿಯಲ್ಲಿ ಚೀಲ ಹೊರುವ ಹಮಾಲರಲ್ಲಿ, ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್‌ಗೆ ಹೊರೆ ಏರಿಸುವ ಕೂಲಿಗಳಲ್ಲಿ ತೊಡೆಸಂದಿನ ಹರ್ನಿಯಾ (ಹೊಟ್ಟೆಯ ಗೋಡೆ ಸಡಿಲವಾದ ಕಡೆ ಕರುಳು ಹೊರಚಾಚುವ ತೊಂದರೆ) ಇಟ್ಟುಕೊಂಡೇ ವರ್ಷಗಟ್ಟಲೆ ದುಡಿಯುವವರು ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಇಂದಿಗೂ ಇದ್ದಾರೆ. ಹೊರಬಂದ ಕರುಳು ಸಿಕ್ಕಿಕೊಂಡು ರಕ್ತಸಂಚಾರ ನಿಂತರೆ ಕೆಲವೇ ಗಂಟೆಗಳಲ್ಲಿ ಜೀವಕ್ಕೆ ಅಪಾಯ. ಮೊದಲೇ ಮಾಡಿಸಿಕೊಂಡರೆ ಸಾಮಾನ್ಯವಾಗಿ ಗಂಟೆಯೊಂದರಲ್ಲಿ ಮುಗಿಯುವ ಚಿಕಿತ್ಸೆ ಇದು.

1880ರ ದಶಕದಲ್ಲಿ ಇಟಲಿಯ ಶಸ್ತ್ರಚಿಕಿತ್ಸಕ ಬಾಸ್ಸಿನಿ ಕಲಿಸಿದ ಹೊಲಿಗೆಯೇ ಹೆಚ್ಚುಕಡಿಮೆ ನೂರು ವರ್ಷ ನಡೆಯಿತು. 1980ರ ದಶಕದಲ್ಲಿ ಅಮೆರಿಕದ ಲಿಕ್ಟೆನ್‌ಸ್ಟೈನ್, ಸ್ನಾಯುಗಳನ್ನು ಎಳೆದು ಕಟ್ಟುವ ಬದಲು ಮೆಶ್ ಎಂಬ ಪಾಲಿಪ್ರೊಪಿಲೀನ್ ಬಲೆಯನ್ನು ಹೊದಿಸುವ ಪದ್ಧತಿಯನ್ನು ರೂಢಿಗೆ ತಂದ ಮೇಲೆ ಹರ್ನಿಯಾ ಮರುಕಳಿಸುವುದು ಬಹಳ ಕಡಿಮೆಯಾಯಿತು. ಆದರೆ ಆಮದು ಮೆಶ್ಶಿನ ಬೆಲೆ ಹಳ್ಳಿಯ ರೋಗಿಯ ಕೈಗೆ ಎಟುಕುವಂತಿರಲಿಲ್ಲ.

ಈ ತೊಡಕಿಗೆ ಉತ್ತರ ಹೊಳೆದದ್ದು ದೊಡ್ಡ ಸಂಶೋಧನಾಲಯದಲ್ಲಲ್ಲ, ಮಹಾರಾಷ್ಟ್ರದ ಧುಳೆ ಜಿಲ್ಲೆಯ ದೊಂಡಾಯ್ಚಾ ಎಂಬ ಸಣ್ಣ ಊರಿನಲ್ಲಿ. ಅಲ್ಲಿನ ಶಸ್ತ್ರಚಿಕಿತ್ಸಕ ಡಾ. ಟೋಂಗಾಂವ್ಕರ್ ಅವರು ಸೊಳ್ಳೆ ಪರದೆಯ ಬಟ್ಟೆಯನ್ನು ಕತ್ತರಿಸಿ, ಶುದ್ಧೀಕರಿಸಿ, ಮೆಶ್ ಆಗಿ ಬಳಸಿದರು. ಹಲವು ಕಡೆಯ ಗ್ರಾಮೀಣ ಶಸ್ತ್ರಚಿಕಿತ್ಸಕರನ್ನು ಸೇರಿಸಿಕೊಂಡು ನಡೆಸಿದ ಪ್ರಯೋಗದ ಫಲಿತಾಂಶವನ್ನು 2003ರಲ್ಲಿ ಪ್ರಕಟಿಸಿದರು. ಕೀಟನಾಶಕ ಲೇಪಿಸಿದ ಪರದೆ ಇದಕ್ಕೆ ಸಲ್ಲದು. ಒತ್ತಡದ ಹಬೆಯಿಂದ ಶುದ್ಧೀಕರಿಸುವ ಆಟೋಕ್ಲೇವ್ ಯಂತ್ರದಲ್ಲಿ 121 ಡಿಗ್ರಿ ಸೆಲ್ಸಿಯಸ್‌ಗೆ ನಿಲ್ಲಿಸಬೇಕು, ಇನ್ನೂ ಹೆಚ್ಚು ಕಾಯಿಸಿದರೆ ಪರದೆಯ ಪಾಲಿಎಥಿಲೀನ್ ಎಳೆ ಕೆಡುತ್ತದೆ. ಮೊದಮೊದಲು ಅನುಮಾನದಿಂದ ನೋಡಿದ ಲೋಕ ಕ್ರಮೇಣ ಇದನ್ನು ಪರೀಕ್ಷೆಗೆ ಒಡ್ಡಿತು. ಉಗಾಂಡಾದಲ್ಲಿ ಸುಮಾರು 300 ಪುರುಷರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ಡಾಲರಿನಷ್ಟೂ ಬೀಳದ ಈ ಬಲೆಗೂ ನೂರಕ್ಕೂ ಹೆಚ್ಚು ಡಾಲರಿನ ಮೆಶ್ಶಿಗೂ ವರ್ಷದ ಬಳಿಕ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಗ್ರಾಮೀಣ ವೈದ್ಯನೊಬ್ಬನ ಅನುಭವಕ್ಕೆ ಇಷ್ಟು ಗೌರವ ಸಿಕ್ಕ ಉದಾಹರಣೆಗಳು ವೈದ್ಯಶಾಸ್ತ್ರದಲ್ಲಿ ವಿರಳ.

ಇತ್ತ ಕರ್ನಾಟಕದಲ್ಲಿ 2003ರಲ್ಲಿ ಶುರುವಾದ ಯಶಸ್ವಿನಿ ಯೋಜನೆ ಸಹಕಾರ ಸಂಘಗಳ ಸದಸ್ಯರಿಗೆ ಶಸ್ತ್ರಚಿಕಿತ್ಸೆಯ ಖರ್ಚಿನ ಭಾರವನ್ನು ಇಳಿಸಿತು. 2018ರಲ್ಲಿ ಆರೋಗ್ಯ ಕರ್ನಾಟಕದೊಳಗೆ ವಿಲೀನವಾಗಿ, ಮುಂದೆ ಮತ್ತೆ ಬೇರೆಯಾಗಿ ಬಂತು.

ಬಲೆ ಮತ್ತು ಹಣ ಎರಡಕ್ಕೂ ದಾರಿ ಸಿಕ್ಕ ಮೇಲೂ ಉಳಿದದ್ದು ಕೈಚಳಕದ ಪ್ರಶ್ನೆ. ಬೆಳಗಾವಿಯಲ್ಲಿ 1963ರಿಂದ ವೈದ್ಯಕೀಯ ಕಾಲೇಜಿದೆ, ವಿಜಯಪುರ, ಬಾಗಲಕೋಟೆಗಳಲ್ಲೂ ಇವೆ. ಆದರೂ ತಾಲ್ಲೂಕು ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞರಿಲ್ಲದ ದಿನ ಹರ್ನಿಯಾ ರೋಗಿಯನ್ನು ಜಿಲ್ಲಾ ಕೇಂದ್ರಕ್ಕೆ ಕಳಿಸುವುದೇ ರೂಢಿ. ಅನೇಕ ರೋಗಿಗಳಿಗೆ ಲಿಗ್ನೊಕೇನ್ ಚುಚ್ಚಿ, ಆ ಭಾಗವನ್ನಷ್ಟೇ ಮರಗಟ್ಟಿಸಿ ಈ ಶಸ್ತ್ರಚಿಕಿತ್ಸೆ ಮಾಡಬಹುದು. ಅದಕ್ಕೆ ತೊಡೆಸಂದಿನ ಮೂರು ನರಗಳನ್ನು ಗುರುತಿಸಿ ಕಾಪಾಡುವ, ಬಲೆಯನ್ನು ಕಿಬ್ಬೊಟ್ಟೆಯ ತಳದ ಮೂಳೆಯ (ಜಘನಾಸ್ಥಿಯ) ಉಬ್ಬನ್ನು ದಾಟಿಸಿ ಹಾಸುವ ಅಭ್ಯಾಸ ಬೇಕು. ಅಲ್ಲಿ ಬಲೆ ಗಿಡ್ಡವಾದರೆ ಹರ್ನಿಯಾ ಅದೇ ಅಂಚಿನಿಂದ ಮರಳಿ ಬರುತ್ತದೆ. ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ತೂರಿಸಿ ಮಾಡುವ ಲ್ಯಾಪರೋಸ್ಕೋಪಿಯ ಆಕರ್ಷಣೆಯಲ್ಲಿ ಈ ತೆರೆದ ಪದ್ಧತಿಯ ಕಲಿಕೆ ಸೊರಗಬಾರದು. ಆಫ್ರಿಕಾದ ಸಿಯೆರಾ ಲಿಯೋನ್‌ನಲ್ಲಿ ವೈದ್ಯ ಪದವಿಯಿಲ್ಲದಿದ್ದರೂ ಕ್ರಮಬದ್ಧವಾಗಿ ತರಬೇತಾದ ಸಿಬ್ಬಂದಿ ಮಾಡಿದ ಹರ್ನಿಯಾ ಶಸ್ತ್ರಚಿಕಿತ್ಸೆಯ ಫಲಿತಾಂಶ ವೈದ್ಯರಿಗಿಂತ ಕಡಿಮೆಯಿರಲಿಲ್ಲವೆಂದು 2021ರ ಅಧ್ಯಯನ ತೋರಿಸಿದೆ.

ವೈದ್ಯಕೀಯ ಸ್ನಾತಕೋತ್ತರ ವಿದ್ಯಾರ್ಥಿಗಳು ಈಗ ಮೂರು ತಿಂಗಳು ಜಿಲ್ಲಾ ಆರೋಗ್ಯ ವ್ಯವಸ್ಥೆಯಲ್ಲಿ ಕಡ್ಡಾಯವಾಗಿ ದುಡಿಯಬೇಕು. ಆ ಅವಧಿಯಲ್ಲಿ ಹಿರಿಯರೊಬ್ಬರು ಎದುರು ನಿಂತು ಪ್ರತಿ ಹೆಜ್ಜೆ ತಿದ್ದುವ ಏರ್ಪಾಡು, ವರ್ಷದ ಬಳಿಕ ರೋಗಿಯನ್ನು ಕರೆಸಿ ಮರುಪರೀಕ್ಷಿಸಿದ ದಾಖಲೆ, ಇವೆರಡನ್ನೂ ತರಬೇತಿಯ ನಿಯಮದಲ್ಲೇ ಸೇರಿಸಬೇಕಿದೆ.