ತಂತಿ ತಪ್ಪಿ ಎಡಕ್ಕೆ ಹೋದಾಗ

ಪೇಸ್‌ಮೇಕರ್ ಅಳವಡಿಸಿದ ಮೇಲೆ ತೆಗೆಯುವ ಇಸಿಜಿಯಲ್ಲಿ ಮೊದಲು ನೋಡಬೇಕಾದದ್ದು ವಿ1 ಎಂಬ ಸಾಲನ್ನು. ಎದೆಮೂಳೆಯ ಬಲಬದಿಯಲ್ಲಿ, ನಾಲ್ಕನೆಯ ಪಕ್ಕೆಲುಬಿನ ಸಂದಿನ ಮೇಲಿಟ್ಟ ಎಲೆಕ್ಟ್ರೋಡ್ ಬರೆಯುವ ಸಾಲು ಅದು. ಪೇಸ್‌ಮೇಕರಿನ ತಂತಿ, ಆಸ್ಪತ್ರೆಯ ಮಾತಿನಲ್ಲಿ ಲೀಡ್, ಬಲ ಹೃತ್ಕುಕ್ಷಿಯಲ್ಲಿ ಸರಿಯಾಗಿ ಕುಳಿತಿದ್ದರೆ, ಗೀಟಿನಂತಹ ಸಣ್ಣ ಸ್ಪೈಕಿನ ಬೆನ್ನಿಗೇ ಬರುವ ಅಗಲವಾದ ಅಲೆ ಸಾಮಾನ್ಯವಾಗಿ ಕೆಳಮುಖವಾಗಿರುತ್ತದೆ. ವಿದ್ಯುತ್ ಪ್ರಚೋದನೆ ಬಲದಿಂದ ಎಡಕ್ಕೆ, ಅಂದರೆ ವಿ1ರಿಂದ ದೂರಕ್ಕೆ ಹರಿಯುತ್ತಿರುತ್ತದೆ. ಅದೇ ಅಲೆ ಮೇಲ್ಮುಖವಾಗಿ ಎದ್ದಿದ್ದರೆ ತಂತಿ ಎಡ ಹೃತ್ಕುಕ್ಷಿಯನ್ನು ಸೇರಿರಬಹುದೇ ಎಂದು ಅನುಮಾನಿಸಲೇಬೇಕು.

ಪೇಸ್‌ಮೇಕರಿನ ಮೊದಲ ದಿನಗಳಲ್ಲಿ ಈ ಅನುಮಾನಕ್ಕೆ ಎಡೆಯೇ ಇರಲಿಲ್ಲ. 1958ರ ಅಕ್ಟೋಬರ್ 8ರಂದು ಸ್ಟಾಕ್‌ಹೋಮ್ ಬಳಿಯ ಕರೋಲಿನ್‌ಸ್ಕಾ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯ ಓಕೆ ಸೆನ್ನಿಂಗ್, ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ತಯಾರಿಸಿದ ಸಾಧನವನ್ನು ಆರ್ನೆ ಲಾರ್ಸನ್ ಅವರ ದೇಹದೊಳಗೆ ಇರಿಸಿದಾಗ, ಎದೆಯನ್ನು ತೆರೆದು ಕಣ್ಣೆದುರೇ ತಂತಿಗಳನ್ನು ಹೃದಯದ ಹೊರಮೈಗೆ ಹೊಲಿದಿದ್ದರು. ಆ ಸಾಧನ ಕೆಲವೇ ಗಂಟೆ ನಡೆಯಿತು. ಆದರೆ ಸಾಧನಗಳನ್ನು ಬದಲಿಸುತ್ತ ಬದಲಿಸುತ್ತ ಲಾರ್ಸನ್ 2001ರವರೆಗೆ ಬದುಕಿದರು. ಅದೇ 1958ರಲ್ಲಿ ನ್ಯೂಯಾರ್ಕಿನ ಮಾಂಟಿಫಿಯೋರ್ ಆಸ್ಪತ್ರೆಯಲ್ಲಿ ಸೆಮೂರ್ ಫರ್ಮನ್ ಎದೆ ತೆರೆಯದೆ, ಅಭಿಧಮನಿಯ ಮೂಲಕವೇ ತಂತಿಯನ್ನು ಹೃದಯದೊಳಕ್ಕೆ ಇಳಿಸಿ, ಹೊರಗಿನ ಯಂತ್ರದಿಂದ ಮಿಡಿತ ನಡೆಸಿ ತೋರಿಸಿದ್ದರು. 1960ರ ದಶಕದಲ್ಲಿ ಇದೇ ದಾರಿ ರೂಢಿಗೆ ಬಂತು. ರೋಗಿಗೆ ದೊಡ್ಡ ಶಸ್ತ್ರಚಿಕಿತ್ಸೆ ತಪ್ಪಿತು. ವೈದ್ಯರು ಮಾತ್ರ ಕಣ್ಣಾರೆ ನೋಡುವುದನ್ನು ಬಿಟ್ಟು ಎಕ್ಸ್-ರೇ ಪರದೆಯ ಚಪ್ಪಟೆ ನೆರಳನ್ನು ನಂಬಬೇಕಾಯಿತು.

ತಂತಿ ಎಡಕ್ಕೆ ಹೋಗುವ ದಾರಿಗಳು ಕೆಲವೇ. ಗರ್ಭದಲ್ಲಿದ್ದಾಗ ಎರಡು ಹೃತ್ಕರ್ಣಗಳ ನಡುವೆ ಇರುವ ಕಿಂಡಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಪೂರ್ತಿ ಮುಚ್ಚಿಕೊಂಡಿರುವುದಿಲ್ಲ. ತಂತಿ ಅದರಲ್ಲಿ ನುಸುಳಿ, ಎಡ ಹೃತ್ಕರ್ಣಕ್ಕೂ ಎಡ ಹೃತ್ಕುಕ್ಷಿಗೂ ನಡುವಿನ ಮೈಟ್ರಲ್ ಕವಾಟ ದಾಟಿ ಕೆಳಗಿಳಿಯಬಹುದು. ಹುಟ್ಟಿನಿಂದಲೇ ನಡುಗೋಡೆಯಲ್ಲಿ ರಂಧ್ರವಿದ್ದರೆ ದಾರಿ ಇನ್ನೂ ಸಲೀಸು. ಅಪರೂಪಕ್ಕೆ ತಂತಿಯ ತುದಿಯೇ ನಡುಗೋಡೆಯನ್ನು ಚುಚ್ಚಿ ಆಚೆ ಹೋಗುತ್ತದೆ. ಭುಜದ ಬಳಿ ಅಭಿಧಮನಿಯ ಬದಲು ಪಕ್ಕದ ಅಪಧಮನಿಗೇ ಸೂಜಿ ಚುಚ್ಚಿದ್ದರೆ ಮಹಾಪಧಮನಿಯ ಕವಾಟದ ಮೂಲಕವೂ ಅದು ಎಡ ಹೃತ್ಕುಕ್ಷಿಗೆ ಬಂದು ಬೀಳುತ್ತದೆ.

ಇಷ್ಟಾದರೂ ತಪ್ಪು ತಿಳಿಯದೆ ಉಳಿಯುವುದೇಕೆಂದರೆ, ಎಲ್ಲವೂ ಚೆನ್ನಾಗಿಯೇ ನಡೆಯುತ್ತಿರುತ್ತದೆ. ಎಡ ಹೃತ್ಕುಕ್ಷಿಯ ಸ್ನಾಯು ಪ್ರಚೋದನೆಗೆ ಅಷ್ಟೇ ಚೆನ್ನಾಗಿ ಸ್ಪಂದಿಸುವುದರಿಂದ ನಾಡಿ ಸರಿಯಾಗಿರುತ್ತದೆ, ತಂತಿಯ ವಿದ್ಯುತ್ ಅಳತೆಗಳೂ ಸರಿಯಾಗಿರುತ್ತವೆ, ತಲೆಸುತ್ತು ನಿಂತ ರೋಗಿ ಸಂತೋಷದಿಂದ ಮನೆಗೆ ಹೋಗುತ್ತಾರೆ. ಮುಂದಿನಿಂದ ತೆಗೆದ ಎಕ್ಸ್-ರೇಯಲ್ಲೂ ತಂತಿ ಬಹುಮಟ್ಟಿಗೆ ಇರಬೇಕಾದಲ್ಲೇ ಇದ್ದಂತೆ ಕಾಣುತ್ತದೆ. ಅಪಾಯ ಬೇರೆಡೆ ಇದೆ. ಬಲಗಡೆ ತಂತಿಯ ಮೇಲೆ ಕಟ್ಟಿದ ಸಣ್ಣ ಹೆಪ್ಪು ಕಳಚಿದರೆ ಶ್ವಾಸಕೋಶದಲ್ಲಿ ತಡೆದು ನಿಲ್ಲುತ್ತದೆ. ಎಡಗಡೆ ಕಳಚಿದ್ದು ನೇರವಾಗಿ ಮೆದುಳಿಗೇ ಹೋಗಬಹುದು. ಹೀಗಾಗಿ ಕೆಲವರಲ್ಲಿ ಈ ತಪ್ಪು ಬೆಳಕಿಗೆ ಬರುವುದೇ ಪಾರ್ಶ್ವವಾಯುವಿನ ಕಾರಣ ಹುಡುಕುವಾಗ.

ಪತ್ತೆಗೆ ಬೇಕಾದ ಉಪಾಯ ದುಬಾರಿಯದೇನಲ್ಲ. ಪಕ್ಕದಿಂದ ಒಂದು ಎಕ್ಸ್-ರೇ ತೆಗೆದರೆ, ಬಲ ಹೃತ್ಕುಕ್ಷಿಯ ತಂತಿಯ ತುದಿ ಎದೆಮೂಳೆಯ ಕಡೆಗೆ ಮುಂದಕ್ಕೆ ಚಾಚಿರುತ್ತದೆ, ಎಡಕ್ಕೆ ಹೋದದ್ದು ಬೆನ್ನಿನ ಕಡೆಗೆ ತಿರುಗಿರುತ್ತದೆ. ಅನುಮಾನ ಗಟ್ಟಿಯಾದರೆ ಎಕೋ, ಅಂದರೆ ಶಬ್ದತರಂಗಗಳಿಂದ ಹೃದಯದ ಚಿತ್ರ ತೆಗೆಯುವ ಪರೀಕ್ಷೆ, ಅದರಲ್ಲೂ ಅನ್ನನಾಳದ ಮೂಲಕ ಮಾಡುವ ಎಕೋ, ತಂತಿ ಎಲ್ಲಿ ಗೋಡೆ ದಾಟಿದೆಯೆಂದು ತೋರಿಸುತ್ತದೆ. ಇಸಿಜಿ ಒಂದನ್ನೇ ನೆಚ್ಚಿಕೊಳ್ಳುವಂತಿಲ್ಲ. ತಂತಿ ಸರಿಯಾದ ಜಾಗದಲ್ಲಿದ್ದೂ ವಿ1ರಲ್ಲಿ ಅಲೆ ಮೇಲ್ಮುಖವಾಗಿರುವ ರೋಗಿಗಳು ಇದ್ದಾರೆ. ಅಂಥವರಲ್ಲಿ ವಿ1, ವಿ2 ಎಲೆಕ್ಟ್ರೋಡ್‌ಗಳನ್ನು ಒಂದು ಪಕ್ಕೆಲುಬಿನಷ್ಟು ಕೆಳಗಿಟ್ಟು ಮತ್ತೆ ಇಸಿಜಿ ತೆಗೆದರೆ ಅಲೆ ಎಷ್ಟೋ ಸಲ ಕೆಳಮುಖವಾಗಿಬಿಡುತ್ತದೆ. ಕಿಂಚಿತ್ತೂ ಖರ್ಚಿಲ್ಲದ ಈ ಪರೀಕ್ಷೆ ಮರೆತುಹೋಗುವುದು ಬೇಸರದ ಸಂಗತಿ.

1990ರ ದಶಕದಲ್ಲಿ ಇನ್ನೊಂದು ತೊಡಕು ಸೇರಿಕೊಂಡಿತು. ಬಳಲಿದ ಹೃದಯದ ಎರಡೂ ಹೃತ್ಕುಕ್ಷಿಗಳನ್ನು ಒಟ್ಟಿಗೆ ಮಿಡಿಸುವ ಚಿಕಿತ್ಸೆ ಬಂದ ಮೇಲೆ, ಎಡಗಡೆಗೆ ಒಂದು ತಂತಿಯನ್ನು ಬೇಕೆಂದೇ ಕಳಿಸುವುದು ವಾಡಿಕೆಯಾಯಿತು. ಆದರೆ ಅದು ಸಾಮಾನ್ಯವಾಗಿ ಹೃದಯದ ಹೊರಮೈ ಮೇಲಿನ ಅಭಿಧಮನಿಯಲ್ಲಿರುತ್ತದೆಯೇ ಹೊರತು ಎಡ ಹೃತ್ಕುಕ್ಷಿಯ ರಕ್ತದಲ್ಲಲ್ಲ. ಅಂಥ ರೋಗಿಯ ವಿ1ರಲ್ಲಿ ಮೇಲ್ಮುಖ ಅಲೆ ದೋಷವಲ್ಲ, ನಿರೀಕ್ಷಿತವೇ. ಆದ್ದರಿಂದ ಯಾವ ಬಗೆಯ ಸಾಧನ ಎಂದು ತಿಳಿಯದೆ ಇಸಿಜಿ ಓದುವವರು ಎರಡೂ ಕಡೆಗೆ ಮೋಸಹೋಗಬಹುದು.

ಸರಿಪಡಿಸುವುದು ಎಷ್ಟು ಸುಲಭ ಎನ್ನುವುದು ಎಷ್ಟು ಬೇಗ ತಿಳಿಯಿತು ಎನ್ನುವುದರ ಮೇಲೆ ನಿಂತಿದೆ. ಕೆಲವು ದಿನಗಳೊಳಗಾದರೆ ತಂತಿಯನ್ನು ಹಿಂದಕ್ಕೆಳೆದು ಬಲಗಡೆ ಕೂರಿಸಬಹುದು. ಅಪಧಮನಿಯಿಂದ ಹೋದದ್ದಾದರೆ ರಕ್ತಸ್ರಾವ ತಡೆಯುವ ಸಿದ್ಧತೆ ಮೊದಲೇ ಇರಬೇಕು. ತಿಂಗಳುಗಳು, ವರ್ಷಗಳು ಕಳೆದರೆ ತಂತಿಯ ಸುತ್ತ ನಾರಿನಂಥ ಅಂಗಾಂಶ ಬೆಳೆದು ಅದನ್ನು ಗೋಡೆಗೆ ಅಂಟಿಸಿಬಿಡುತ್ತದೆ. ಬಲಗಡೆ ಅಂಟಿದ ತಂತಿಗಳನ್ನು ಬಿಡಿಸುವ ಲೇಸರ್ ಕವಚಗಳಿದ್ದರೂ, ಎಡಗಡೆ ಅದೇ ಕೆಲಸ ಮಾಡುವಾಗ ಕಿತ್ತುಬಂದ ಚೂರು ಮೆದುಳಿನತ್ತ ಸಾಗುವ ಭಯವಿದೆ. ಬೇರೆ ಕಾರಣಕ್ಕೆ ಹೃದಯದ ಶಸ್ತ್ರಚಿಕಿತ್ಸೆ ಹೇಗೂ ಆಗಬೇಕಿದ್ದರೆ ಆಗಲೇ ತಂತಿಯನ್ನೂ ತೆಗೆಯುತ್ತಾರೆ. ಇಲ್ಲವಾದರೆ, ವಿಶೇಷವಾಗಿ ವಯಸ್ಸಾದವರಲ್ಲಿ, ತಂತಿಯನ್ನು ಇದ್ದಲ್ಲೇ ಬಿಟ್ಟು, ರಕ್ತ ಹೆಪ್ಪುಗಟ್ಟದಂತೆ ಜೀವನಪರ್ಯಂತ ವಾರ್ಫರಿನ್ ಕೊಟ್ಟು, ಅದರ ಪ್ರಮಾಣ ಸರಿಯಿದೆಯೇ ಎಂದು ಆಗಾಗ ರಕ್ತ ಪರೀಕ್ಷಿಸುತ್ತಾರೆ.